ಆರು ಫೂಟಿನ ಸಾಹೇಬರು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಹೊರಗಿನಿಂದ ಯಾರೋ ಬಾಗಿಲಿಗೆ ಚಿಲಕ ಹಾಕಿದರು. ವೇಳೆ ನನಗೆ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣವಿದೆ. ಚಿಲಕದ ಸದ್ದು ಕೇಳಿದ ಕೂಡಲೇ ನಮ್ಮ ಇನ್‌ಸ್ಪೆಕ್ಟರ್ ಸಾಹೇಬರು ಕಿಸೆಯಿಂದ ಗಡಿಯಾರ ತೆಗೆದು ನೋಡಿ, “ಮೂರು ಹತ್ತು. ಬರಕೋರಿ ರಾಯರ” ಎಂದರು. ನಾನು ಬರೆದುಕೊಳ್ಳಲಿಲ್ಲ. ಒಳಗೆ ನಾವು ನಾಲ್ವರಿದ್ದೆವು: ಸಾಹೇಬರು, ನಾನು, ಮನೆಯ ಯಜಮಾನಿಯಾದ ಮುದುಕಿ, ಮಗ್ಗದ ಮುಂದೆ ಕುಳಿತಿದ್ದ ಅವಳ ಗಂಡ. ನಾಲ್ವರಲ್ಲಿ ಗಂಡ ಪ್ಲೇಗಿನಿಂದ ಸತ್ತಿದ್ದ. ಹೊರಗೆ ಇಳಕಲ್ಲಿನ ಆ ಓಣಿಯ ನೇಕಾರರೆಲ್ಲ ಕೂಡಿದ್ದರು. ಬದುಕಿರುವ ನಮ್ಮನ್ನು ಏನು ಮಾಡಬೇಕೆಂದು ಗಟ್ಟಿಯಾಗಿ ಮಾತಾಡಿಕೊಳ್ಳುತ್ತಿದ್ದರು.

ಸಾಹೇಬರು ಹೋದ ತಿಂಗಳು ಬಾಗಲಕೋಟೆಯಲ್ಲಿ ತೀರಿಕೊಂಡರೆಂದು ಒಬ್ಬ ಸೀರೆ ವ್ಯಾಪಾರಿ ಹೇಳಿದ. ವಯಸ್ಸಾಗಿತ್ತು, ಕೆಮ್ಮಿತ್ತು, ಮತ್ತೇನಿಲ್ಲ ಎಂದ. ಅವರ ವಿಷಯ ನಾಲ್ಕು ಮಾತು ಬರೆಯೋಣವೆಂದು ಕುಳಿತರೆ ಮೊದಲು ಕೇಳುವುದು ಆ ಚಿಲಕದ ಸದ್ದು. ಅದನ್ನು ಬಿಟ್ಟು ಬೇರೆ ಕಡೆಯಿಂದ ಶುರು ಮಾಡಲು ನೋಡಿದೆ. ಆಗಲಿಲ್ಲ. ಈಗ ಅದು ಬರೆದಾಯಿತು, ಬೇರೆಯದನ್ನು ಬರೆಯಬಹುದು.

ಅವರ ಕೆಲಸ ಊರ ಸ್ಮಶಾನಗಳನ್ನು ನೋಡಿಕೊಳ್ಳುವುದು. ಸುಡುವವರು ಎಲ್ಲಿ ಸುಡಬೇಕು, ಹೂಳುವವರು ಎಲ್ಲಿ, ಎಷ್ಟು ಆಳ ಹೂಳಬೇಕು, ಬಾವಿಯಿಂದ ಎಷ್ಟು ದೂರ ಇರಬೇಕು, ಇವೆಲ್ಲಕ್ಕೂ ಸರಕಾರದ ಕಾಯ್ದೆಗಳಿದ್ದವು. ಅವುಗಳನ್ನು ಓದಿದವರು ಕೆಲವರಿದ್ದರು. ನಂಬಿದವರು ಸಾಹೇಬರೊಬ್ಬರೇ. ಪ್ಲೇಗು ಬಂದ ಮೇಲೆ ಕಾಯ್ದೆ ಇನ್ನೂ ಬಿಗಿಯಾಯಿತು. ಯಾರೇ ಸತ್ತರೂ ಕಚೇರಿಗೆ ತಿಳಿಸಬೇಕು. ಇನ್‌ಸ್ಪೆಕ್ಟರು ಬಂದು ಕಂಕುಳು, ತೊಡೆಯ ಸಂದು ನೋಡಿ ಗಡ್ಡೆ ಇಲ್ಲವೆನ್ನುವವರೆಗೆ ಹೆಣ ಎತ್ತುವಂತಿಲ್ಲ. ಗಡ್ಡೆ ಇದ್ದರೆ ಮೆರವಣಿಗೆ ಇಲ್ಲ, ಬಾಜಾ ಇಲ್ಲ. ಊರ ಹೊರಗಿನ ಪ್ಲೇಗಿನ ಸ್ಮಶಾನದಲ್ಲಿ ಮಲಗಿಸಿ, ಸುಣ್ಣ ಸುರಿದು ಮುಚ್ಚಬೇಕು. ಮನೆಯವರು ಹೊಲದಲ್ಲಿ ಹಾಕಿದ ಝೋಪಡಿಗಳಿಗೆ ಹೋಗಬೇಕು. ಮನೆಯ ಮಾಳಿಗೆ, ಅಂದರೆ ಮಣ್ಣಿನ ಛಾವಣಿ, ತೆಗೆದು ಒಳಗೆ ಬಿಸಿಲು ಬಿಡಬೇಕು. ಪುಣೆಯ ಕಾಲೇಜಿನಿಂದ ಬಿ.ಎ. ಮುಗಿಸಿ ಬಂದಿದ್ದ ನನ್ನನ್ನು ಈ ಕೆಲಸಕ್ಕೆ ಅವರ ಕೈಕೆಳಗೆ ಕಾರಕೂನನಾಗಿ ಹಾಕಿದರು. ಮನೆಯಲ್ಲಿ ಸರಕಾರಿ ನೌಕರಿ ಎಂದಷ್ಟೇ ಹೇಳಿದ್ದೆ.

ಸಾಹೇಬರು ಗಿಡ್ಡ, ಒಣಕಲು ಮನುಷ್ಯ. ಮನೆತನ ಬಾಗಲಕೋಟೆಯದು, ಅಲ್ಲಿ ಅವರ ಹಿರಿಯರು ಬಟ್ಟೆಗೆ ಬಣ್ಣ ಹಾಕುತ್ತಿದ್ದರು. ತಲೆಗೆ ಬಿಗಿಯಾಗಿ ಸುತ್ತಿದ ರುಮಾಲು, ಕೈಯಲ್ಲಿ ತಮಗಿಂತ ಎತ್ತರದ, ಸರಿಯಾಗಿ ಆರು ಫೂಟು ಉದ್ದದ ಬಿದಿರ ಗಳ. ಅವರು ಓಣಿಯಲ್ಲಿ ಬಂದರೆ ಮೊದಲು ಗಳ ಕಾಣುತ್ತಿತ್ತು. ತಾಯಂದಿರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಇದು ಅವರಿಗೆ ಗೊತ್ತಿತ್ತು. ಆದ್ದರಿಂದ ಕೆಲಸವಿಲ್ಲದಾಗ ಓಣಿಯ ಬಾಯಲ್ಲೇ ನಿಂತು, “ಸುಮ್ನ ಹೊಂಟೇನ್ರೀ, ಯಾರೂ ಸತ್ತಿಲ್ಲ!” ಎಂದು ಕೂಗಿ ಮುಂದೆ ಹೋಗುತ್ತಿದ್ದರು. ಜನಕ್ಕೆ ಇದರಿಂದ ಸಮಾಧಾನವಾಗುತ್ತದೆಂದು ಅವರು ತಿಳಿದಿದ್ದರು. ಅಂಗಡಿಗೆ ಹೋದರೆ ಬೇರೆ ಯಾರಾದರೂ ಮೊದಲು ಏನನ್ನಾದರೂ ಕೊಳ್ಳುವವರೆಗೆ ಹೊರಗೇ ನಿಲ್ಲುತ್ತಿದ್ದರು. ಬೋಣಿ ತಮ್ಮ ಕೈಯಿಂದ ಆಗುವುದನ್ನು ಯಾವ ಅಂಗಡಿಕಾರನೂ ಬಯಸುವುದಿಲ್ಲವೆಂದು ಯಾರೂ ಹೇಳದೆ ಅವರೇ ಅರಿತುಕೊಂಡಿದ್ದರು. ಯಾರನ್ನಾದರೂ ಕಂಡು ಆರೋಗ್ಯ ವಿಚಾರಿಸಿದರೆ ಆ ಮನುಷ್ಯ ಎರಡು ದಿನ ಊಟ ಬಿಡುತ್ತಿದ್ದ. ಆದ್ದರಿಂದ ಆರೋಗ್ಯ ವಿಚಾರಿಸುವುದನ್ನೂ ಬಿಟ್ಟಿದ್ದರು.

ಅವರು ಹೆಣ ಎಂಬ ಮಾತು ಆಡುತ್ತಿರಲಿಲ್ಲ; ಅರ್ಜಿದಾರ ಎನ್ನುತ್ತಿದ್ದರು. “ಇವತ್ತ ಅರ್ಜಿದಾರರು ಎಷ್ಟ ರಾಯರ?” ಎಂಬುದು ಅವರ ಬೆಳಗಿನ ನಮಸ್ಕಾರ. ಮೊದಮೊದಲು ನನಗೆ ನಗು ಬರುತ್ತಿತ್ತು. ಒಂದು ದಿನ ಕೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ, “ಮತ್ತೇನ್ರಿ? ಬದುಕಿದ್ದಾಗ ಕಚೇರಿ ಬಾಗಲಾ ತುಳೀದವರೂ ಒಂದ ಸಲ ನಮ್ಮ ಪರವಾನಗಿ ಕೇಳಬೇಕು. ಬಾಯಿ ಬಿಟ್ಟ ಕೇಳೂದಿಲ್ಲ, ಅಷ್ಟ” ಎಂದರು.

ಇಳಕಲ್ಲಿಗೆ ಬರುವ ಮೊದಲು ಅವರು ಬಾಗಲಕೋಟೆಯಲ್ಲಿದ್ದಾಗ ನಡೆದ ಒಂದು ಸಂಗತಿಯನ್ನು ಅಲ್ಲಿಯವರು ಈಗಲೂ ಹೇಳುತ್ತಾರೆ. ಒಬ್ಬ ದೊಡ್ಡ ವಕೀಲರ ತಂದೆ ತೀರಿಕೊಂಡಿದ್ದರು. ಘಟಪ್ರಭೆಯ ದಂಡೆಯಲ್ಲಿ ಚಿತೆ. ಕಪಾಲ ಸಿಡಿದ ಮೇಲೆ ಎಲ್ಲರೂ ಸ್ನಾನ ಮಾಡಿ ಹಿಂದಿರುಗಿ ನೋಡದೆ ಮನೆಗೆ ಹೋದರು. ಸಾಹೇಬರು ಹೋಗಲಿಲ್ಲ. ಕೊಡೆ ಬಿಡಿಸಿಕೊಂಡು, ಗಾಳಿಗೆ ಬೆನ್ನು ಮಾಡಿ ಕುಳಿತು, ಗಂಟಿನಲ್ಲಿದ್ದ ರೊಟ್ಟಿ ತಿಂದರು. ಅರ್ಧ ಬೆಂದದ್ದನ್ನು ಹೊಳೆಗೆ ನೂಕಬಾರದೆಂದು ಕಾಯ್ದೆ. ಕಟ್ಟಿಗೆ ಉಳಿಸಲು ನೂಕುವವರು ಯಾರೆಂಬುದು ಅವರಿಗೆ ಗೊತ್ತಿತ್ತು. ಸಂಜೆ ವಕೀಲರು ಆ ಕಡೆ ಗಾಡಿಯಲ್ಲಿ ಹೋಗುವಾಗ ಇವರನ್ನು ಕಂಡು ಸಿಟ್ಟಾದರಂತೆ.

“ಇನ್ನೂ ಇಲ್ಲೇನ ಮಾಡಾಕತ್ತೀರಿ?”

“ನಿಮ್ಮ ತಂದಿಯವರು ಇನ್ನೂ ಮುಗದಿಲ್ರಿ” ಎಂದರಂತೆ ಸಾಹೇಬರು, ಎದ್ದು ನಿಂತು.

ಅದಾದ ಮೇಲೆ ಅವರನ್ನು ಬಾದಾಮಿಗೆ ಕಳಿಸಿದರು. ಬಾದಾಮಿಯಲ್ಲಿ ಕಷ್ಟ ಬೇರೆ ತರಹದ್ದು. ಮೂರು ಫೂಟು ಅಗೆದರೆ ಗುದ್ದಲಿ ಠಣ್ ಎನ್ನುತ್ತದೆ; ಕೆಳಗೆಲ್ಲ ಕೆಂಪು ಬಂಡೆ. ಅಲ್ಲಿಯವರು ತಲೆತಲಾಂತರದಿಂದ ಸಿಕ್ಕಷ್ಟು ಅಗೆದು ಹೂಳುತ್ತಿದ್ದರು. ಸಾಹೇಬರು ಒಪ್ಪಲಿಲ್ಲ. ಕೆಳಗೆ ಮೂರು ಸಿಕ್ಕರೆ ಮೇಲೆ ಮೂರು ಏರಿಸಿ ಎಂದರು. ಜನ ಬೈಯುತ್ತ ಕಲ್ಲು ಹೊತ್ತು ಒಟ್ಟಿದರು. ಈಗ ಆ ಊರಿನ ಒಂದು ಸ್ಮಶಾನದಲ್ಲಿ ಕೆಲವು ಗೋರಿಗಳು ಸಣ್ಣ ಕೋಟೆಯ ಬುರುಜಿನಂತೆ ನಿಂತಿವೆ. ಯಾವನೋ ಸರದಾರನದ್ದಿರಬೇಕೆಂದು ಪರಸ್ಥಳದವರು ಕೈಮುಗಿದು ಹೋಗುತ್ತಾರೆ. ಅವುಗಳಲ್ಲಿ ಒಂದು ಮಜ್ಜಿಗೆ ಮಾರುವವಳದ್ದು.

ಸಾಹೇಬರು ಈ ಬಾದಾಮಿಯ ಕಥೆ ಹೇಳಿದ ದಿನ ನಾನು ಕೇಳಿದೆ, “ಆರು ಫೂಟು ಯಾಕ್ರಿ ಸಾಹೇಬರ? ಐದಾದ್ರ ಏನಾಗ್ತೈತಿ?”

ಅವರು ಸ್ವಲ್ಪ ಹೊತ್ತು ಅಡಿಕೆ ಅಗಿದರು. “ನಮ್ಮ ಅಮ್ಮೀನ್ನ ಮೂರು ಫೂಟಿಗೆ ಇಟ್ಟಿದ್ರು. ನಾ ಸಣ್ಣಾಂವಿದ್ದೆ. ಆ ವರ್ಷ ಮಳಿ ಭಾಳ ಆತು. ತೋಳಾನೂ ಭಾಳ ಇದ್ದುವು.” ಆಮೇಲೆ, “ನಡೀರಿ, ಹೊತ್ತಾತು” ಎಂದರು. ನಾನು ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಇನ್ನು ಆ ಮನೆಯ ವಿಷಯ.

ಇಳಕಲ್ಲಿನ ನೇಕಾರರ ಓಣಿಯಲ್ಲಿ ಮನೆಮನೆಯಿಂದ ಮಗ್ಗದ ಲಾಳಿಯ ಸದ್ದು ಬರುತ್ತಿರುತ್ತದೆ. ಅಂದು ಒಂದು ಮನೆಯಿಂದ ಬರಲಿಲ್ಲ. ಸಾಹೇಬರು ನಿಂತರು. ಬಾಗಿಲ ಪಕ್ಕದ ತಿಪ್ಪೆಯ ಮೇಲೆ ಹಸಿ ಮಣ್ಣು ಬಿದ್ದಿತ್ತು. ಮಳೆಯಿಲ್ಲದ ದಿನಗಳಲ್ಲಿ ಹಸಿ ಮಣ್ಣು ಆಳದಿಂದಲೇ ಬಂದಿರಬೇಕು. ಅವರು ಗಳದಿಂದ ಅದನ್ನು ಒಮ್ಮೆ ಕೆದಕಿ, ಬಾಗಿಲು ದೂಡಿ ಒಳಗೆ ಹೋದರು. ನಾನು ಹಿಂದೆ ಹೋದೆ.

ಒಳಗೆ ಕುಣಿ ಮಗ್ಗ. ಅಂದರೆ ನೆಲದಲ್ಲಿ ತೊಡೆಯಷ್ಟು ಆಳದ ಕುಣಿ ತೋಡಿರುತ್ತಾರೆ. ನೇಕಾರ ಅದರ ಅಂಚಿಗೆ ಕುಳಿತು, ಕಾಲು ಒಳಗೆ ಇಳಿಬಿಟ್ಟು ತುಳಿಯುತ್ತ ನೇಯುತ್ತಾನೆ. ಮಗ್ಗದ ಮೇಲೆ ಅರ್ಧ ನೇಯ್ದ ಕೆಂಪು ಸೆರಗಿನ ಸೀರೆ ಇತ್ತು. ಅದರ ಮುಂದೆ ಹಣೆಯ ತುಂಬ ವಿಭೂತಿ ಹಚ್ಚಿದ ಮುದುಕ ಕುಳಿತಿದ್ದ. ಹೆಗಲ ಮೇಲೆ ಹೊದಿಕೆ, ಗೋಡೆಗೆ ಒರಗಿದ ಬೆನ್ನು, ಸ್ವಲ್ಪ ಬಾಗಿದ ತಲೆ. ನನ್ನ ಕಣ್ಣಿಗೆ ಅವನಲ್ಲಿ ಯಾವ ದೋಷವೂ ಕಾಣಲಿಲ್ಲ.

“ಸೀರಿ ಎಂದ ಮುಗೀತೈತ್ರಿ?” ಎಂದರು ಸಾಹೇಬರು, ಅವನಿಗೆ.

ಪಕ್ಕದಲ್ಲಿದ್ದ ಮುದುಕಿ ಉತ್ತರ ಕೊಟ್ಟಳು. “ಅವರಿಗೆ ಕಿವಿ ಕೇಳಸೂದಿಲ್ರಿ.”

“ಯಾವಾಗಿಂದ?”

“ಇವತ್ತಿನಿಂದ್ರಿ.”

ಸಾಹೇಬರು ತಲೆಯಾಡಿಸಿದರು. “ಕೈಯಾಗ ಏನೈತಿ?”

“ಲಿಂಗರಿ. ಪೂಜಿಗೆ ಕುಂತಾರ.”

“ಮಗ್ಗದಾಗ ಕುಂತ ಪೂಜಿ ಮಾಡೂದು ನಾ ಎಲ್ಲೂ ನೋಡಿಲ್ಲ ಯವ್ವಾ.”

“ನೀವು ಸಾಬರು. ನಮ್ಮ ಪೂಜಿ ನಿಮಗೇನ ತಿಳೀತೈತಿ?”

“ಖರೆ. ಆದ್ರ ಮಗ್ಗ ತಿಳೀತೈತಿ. ಮಗ್ಗದಾಗ ಕುಂತಾಂವಾ ಕಾಲ ಕುಣ್ಯಾಗ ಬಿಡ್ತಾನ. ಇವರು ಚಕ್ಕಳಮಕ್ಕಳ ಹಾಕ್ಯಾರ.”

ಆ ಜನ ತಮ್ಮವರನ್ನು ಮಲಗಿಸಿ ಹೂಳುವುದಿಲ್ಲ. ಉಸಿರು ಹೋದ ಕೂಡಲೇ, ಮೈ ಸೆಟೆದುಕೊಳ್ಳುವ ಮೊದಲು, ಪೂಜೆಗೆ ಕುಳಿತಂತೆ ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗವಿಡುತ್ತಾರೆ, ಹಾಗೆಯೇ ಮಣ್ಣಿಗಿಳಿಸುತ್ತಾರೆ. ಕೂತ ಹೆಣವನ್ನು ಮಗ್ಗದ ಮುಂದಿಟ್ಟರೆ ಬದುಕಿದವನಂತೆ ಕಾಣುತ್ತದೆಂದು ಮನೆಯವರಿಗೆ ಹೊಳೆದಿತ್ತು. ಕಾಣುತ್ತಲೂ ಇತ್ತು. ಆದರೆ ಕಾಲು ಬಿಡಿಸಿ ಕುಣಿಗೆ ಇಳಿಬಿಡಲು, ಕೈಯೊಳಗಿನ ಲಿಂಗ ತೆಗೆದು ಲಾಳಿ ಹಿಡಿಸಲು ಅವರಿಗೆ ಮನಸ್ಸು ಬಂದಿರಲಿಲ್ಲ. ಸರಕಾರಕ್ಕೆ ಸುಳ್ಳು ಹೇಳಲು ಅವರು ತಯಾರಿದ್ದರು. ಸತ್ತವನ ಆಸನ ಕೆಡಿಸಲು ತಯಾರಿರಲಿಲ್ಲ.

“ನಾ ಮುಟ್ಟೂದಿಲ್ಲ. ನೀನ ಅವರ ಕೈ ಎತ್ತಿ ತೋರ್ಸು” ಎಂದರು ಸಾಹೇಬರು.

ಅವಳು ಹೊದಿಕೆ ಸರಿಸಿ ತೋಳನ್ನು ಕಷ್ಟದಿಂದ ಎತ್ತಿದಳು. ಕಂಕುಳಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಇತ್ತು.

“ಲಾಳಿ ಒಗದ ಒಗದ ಆಗೇತ್ರಿ” ಎಂದಳು.

“ಹೌದು. ಈ ವರ್ಷ ಲಾಳಿ ಭಾಳ ಮಂದೀಗೆ ಹಿಂಗ ಮಾಡೇತಿ. ಲಾಳಿ ಮುಟ್ಟದವರಿಗೂ.” ಹೀಗೆಂದು ನನ್ನ ಕಡೆ ತಿರುಗಿ, “ಅರ್ಜಿದಾರರು ಒಬ್ಬರು ರಾಯರ” ಎಂದರು. ಬಾಗಿಲಲ್ಲಿ ನಿಂತು ಇದನ್ನು ಕೇಳುತ್ತಿದ್ದವನು ಸತ್ತವನ ತಮ್ಮ, ಮುದುಕಿಯ ಮೈದುನ. ಅವನು ಹೊರಗೆ ಹಾರಿ ಕದ ಎಳೆದುಕೊಂಡ. ಆಗ ಮೂರು ಹತ್ತು.

ಆಮೇಲಿನದು ನನಗೆ ಅನುಕ್ರಮವಾಗಿ ನೆನಪಾಗುವುದಿಲ್ಲ, ಒಟ್ಟಿಗೇ ನೆನಪಾಗುತ್ತದೆ. ಮಾಳಿಗೆಯ ಮೇಲೆ ಕಾಲ ಸಪ್ಪಳ. ಬೆಳಕಿಗೆಂದು ಬಿಟ್ಟ ಕಿಂಡಿಯಲ್ಲಿ ಬೆಳಕು ಒಮ್ಮೆ ಹೋಗಿ ಒಮ್ಮೆ ಬಂತು. ಹಿಟ್ಟಿನ ಬೀಸುಕಲ್ಲಿನ ಅರ್ಧದಷ್ಟು ದೊಡ್ಡ ಕಲ್ಲೊಂದು ಅಲ್ಲಿಂದ ಬಿತ್ತು. ಅದು ಬಿದ್ದ ಜಾಗದಲ್ಲಿ ಆಗತಾನೆ ನಾನು ನಿಂತಿದ್ದೆ. ನಾನು ಮಗ್ಗದ ಕುಣಿಗೆ ಹಾರಿದೆ. ಹಾರಿದ ಮೇಲೆ ತಿಳಿಯಿತು, ಅದು ಮಗ್ಗದ ಕುಣಿಯಷ್ಟೇ ಅಲ್ಲ. ಒಂದು ಮಗ್ಗುಲಿಗೆ ಅದನ್ನು ಎದೆಯ ಮಟ್ಟಕ್ಕೆ ಅಗೆದಿದ್ದರು. ಗೋಡೆಯಲ್ಲಿ ಒಬ್ಬ ಮನುಷ್ಯ ಕೂರುವಷ್ಟು ಗೂಡು ಕೊರೆದಿದ್ದರು. ಮನೆಯೊಳಗೇ ಮುದುಕನನ್ನು ಇಟ್ಟು, ಮೇಲೆ ಮಗ್ಗ ಎಳೆದು, ನೇಯುತ್ತ ಇರುವುದು ಅವರ ವಿಚಾರ. ನಾನು ನಿಂತದ್ದು ಅವನ ಸಮಾಧಿಯಲ್ಲಿ. ಬಗ್ಗಿದರೆ ಅವನ ಮೊಣಕಾಲು ನನ್ನ ಕಿವಿಗೆ ತಾಗುತ್ತಿತ್ತು. ಮೇಲೆ ಬಂದರೆ ಕಲ್ಲು, ಕೆಳಗಿದ್ದರೆ ಪ್ಲೇಗು. ನಾನು ತರ್ಕಶಾಸ್ತ್ರದಲ್ಲಿ ಒಳ್ಳೆಯ ಅಂಕ ತೆಗೆದವನು. ಅಂದು ಅದರಿಂದ ಏನೂ ಆಗಲಿಲ್ಲ.

“ಸಾಬಾ!” ಮೈದುನನ ದನಿ ಕದದ ಹಿಂದಿನಿಂದ ಬಂತು. “ನೀ ಹೊರಗ ಬಂದ್ರ ತಾನ ರಿಪೋರ್ಟ ಮಾಡೂದು? ಕುಣಿ ತಯಾರ ಐತಿ. ನೀನೂ, ಆ ಬಾಮಣನೂ ಅದರಾಗ!”

ಸಾಹೇಬರು ಗೋಡೆಗೆ ಒತ್ತಿ ನಿಂತಿದ್ದವರು ಕುಣಿಯ ಹತ್ತಿರ ಬಂದರು. ನನ್ನ ಪಕ್ಕಕ್ಕೆ ಗಳ ಇಳಿಸಿ, ಬಗ್ಗಿ ನೋಡಿದರು.

“ನಾಲ್ಕೂ ಇಲ್ಲೋ ತಮ್ಮಾ!” ಎಂದು ಕದದ ಕಡೆ ಕೂಗಿದರು. “ಮೂರು ಮಂದೀಗೆ ಸಾಲೂದಿಲ್ಲ. ರಾಯರೊಬ್ಬರಿಗೇ ಸಾಲೂದಿಲ್ಲ. ತಲಿ ಕಾಣಾಕತ್ತೈತಿ.”

ಹೊರಗೆ ಗದ್ದಲ ನಿಂತಿತು. ಯಾರೋ ಒಬ್ಬ ಪಕ್ಕನೆ ನಕ್ಕ. ಅವನಿಗೆ ಇನ್ನೊಬ್ಬ ಹೊಡೆದ ಸದ್ದೂ ಕೇಳಿಸಿತು. ಆಮೇಲೆ ಕಿಂಡಿಯಿಂದ ಇನ್ನೊಂದು ಕಲ್ಲು ಬಂತು. ಅದು ಮಗ್ಗಕ್ಕೆ ಬಡಿದು, ಸೀರೆಯ ಎಳೆಗಳು ಪಟಪಟ ಹರಿದವು. ಮುದುಕಿ ತನ್ನ ಸೆರಗನ್ನು ಗಂಡನ ತಲೆಯ ಮೇಲೆ ಹೊದಿಸಿ, ಅವನ ಮೇಲೆ ಬಾಗಿ ಕುಳಿತಳು. ಕಲ್ಲು ತಾಗಿದರೆ ಅವನಿಗೆ ನೋವಾದೀತೆಂದು ಅವಳಿಗೆ ಅನ್ನಿಸಿರಬೇಕು.

ಸಾಹೇಬರು ಕದದ ಹತ್ತಿರ ಹೋಗಿ, ದಿನವೂ ಕಚೇರಿಯಲ್ಲಿ ಮಾತಾಡುವ ದನಿಯಲ್ಲಿ ಹೇಳತೊಡಗಿದರು. “ಕೇಳೋ ತಮ್ಮಾ. ನನ್ನ ಕೊಂದಿ ಅಂತ ತಿಳಿ. ನಾಳೆ ಹುನಗುಂದದಿಂದ ಪೋಲೀಸರು ಬರ್ತಾರ. ಮದಲ ಈ ನೆಲಾ ಅಗೀತಾರ. ಯಾಕಂದ್ರ ಕಾಯ್ದೇದಾಗ ಹಂಗ ಐತಿ. ನಿಮ್ಮಣ್ಣನ್ನ ಕಾಲ ಹಿಡದ ಎಳದ ಹೊರಗ ತಗೀತಾರ. ಆಮ್ಯಾಲ ಸುಣ್ಣದಾಗ ಒಗೀತಾರ. ಒಬ್ಬ ಅಯ್ಯನೋರ್ನ ಹತ್ರ ಬಿಡೂದಿಲ್ಲ. ನಿಮ್ಮಣ್ಣ ಒಂದ ಕಡೆ ನೆಟ್ಟಗ ಇರ್ಬೇಕಂದ್ರ ನಾ ಇಡಬೇಕು. ಬ್ಯಾರೆ ಹಾದಿ ಇಲ್ಲ.”

ಉತ್ತರ ಒಳಗಿನಿಂದ ಬಂತು.

“ನೀ ಇಟ್ರ ಹೆಂಗ ಇಡತೀ?” ಎಂದಳು ಮುದುಕಿ.

“ಆರು ಫೂಟು.”

“ಅದಲ್ಲ. ಮಲಗಸ್ತಿಯೋ, ಕೂಡಸ್ತಿಯೋ?”

“ಮಲಗಸಬೇಕಂತ ಹುಕುಂ ಐತಿ.”

“ಮಲಗಿದ್ರ ಅವರಿಗೆ ಉಬ್ಬಸ ಹತ್ತತೈತಿ” ಎಂದಳು ಅವಳು. “ಎಷ್ಟೋ ವರ್ಷ ಆತು, ಗ್ವಾಡಿಗೆ ಒರಗಿ ಕುಂತ ಮಲಗ್ತಾರ. ಒಂದ ಸಲ ವೈದ್ಯಾ ಮಲಗ್ಸಿದ್ದ. ಬೆಳತನಕ ಬಾಯಿ ಬಾಯಿ ಬಿಟ್ರು. ನೀ ಏನರ ಮಾಡು, ಮಲಗಸಬ್ಯಾಡ. ನಾ ಝೋಪಡಿಗೆ ಬರ್ತೇನಿ. ಮನಿ ಕೆಡವು. ಅವರ್ನ ಮಲಗಸಬ್ಯಾಡ.”

ಸಾಹೇಬರು ಆಗ ಮಾಡಿದ್ದನ್ನು ನಾನು ಮೊದಲ ಸಲ ನೋಡಿದೆ: ಅವರು ಕಾಯ್ದೆಯ ವಿಷಯದಲ್ಲಿ ವಿಚಾರ ಮಾಡಿದರು. ಮಾಳಿಗೆಯ ಮೇಲೆ ಯಾರೋ ಓಡಾಡುತ್ತಿದ್ದರು. ಆ ಕಡೆ ಅವರ ಲಕ್ಷ್ಯ ಇರಲಿಲ್ಲ. ಮುದುಕನನ್ನು ತಲೆಯಿಂದ ಮಡಿಸಿದ ಮೊಣಕಾಲಿನವರೆಗೆ ಕಣ್ಣಿನಲ್ಲೇ ಅಳೆದರು.

“ತಲಿ ಮ್ಯಾಲ ಆರು ಫೂಟ ಮಣ್ಣ ಇದ್ರ ನನಗ ಸಾಕು” ಎಂದರು. “ಕುಂತ್ರ ಅಗಿಯೂದು ಹೆಚ್ಚಾಗ್ತೈತಿ. ಅಷ್ಟ.”

“ಆಣಿ ಮಾಡು.”

“ಸರಕಾರಿ ನೌಕರ. ಆಣಿ ಮಾಡೂಹಂಗಿಲ್ಲ.”

“ಮತ್ತ?”

“ನಾನ ನಿಂತ ಮುಚ್ಚಸ್ತೇನಿ. ಮುಂದ ಯಾರರ ತಗಿಯಾಕ ಬಂದ್ರ ಅದೂ ನನ್ನ ಕೆಲಸ.”

ಅವಳು ಎದ್ದು, ಕದಕ್ಕೆ ಅಂಗೈಯಿಂದ ಬಡಿದಳು. “ಬಾಗಲಾ ತಗೀಲೇ!”

“ಅತ್ತಿಗೀ, ನೀ ಸುಮ್ನಿರು. ಇದು ಗಂಡಸರ ಮಾತು.”

“ಗಂಡಸನ ನೀನು? ನಿನ್ನ ಉಚ್ಚಿ ಬಟ್ಟಿ ಒಗದಾಕಿ ನಾನು. ನನ್ನನ್ನೂ ಒಳಗ ಹಾಕಿ ಚಿಲಕಾ ಬಡೀತಿ? ಮ್ಯಾಲಿಂದ ಕಲ್ಲ ಒಗಸ್ತಿ? ಅಣ್ಣನ ತಲಿ ಒಡದಿದ್ರ ಏನ ಮಾಡ್ತಿದ್ದಿ?”

ಚಿಲಕ ತೆಗೆದ ಸದ್ದಾಯಿತು. ಸಾಹೇಬರು ಮತ್ತೆ ಗಡಿಯಾರ ನೋಡಿದರು. ಈ ಸಲ ವೇಳೆ ಹೇಳಲಿಲ್ಲ. ನನ್ನನ್ನು ಕುಣಿಯಿಂದ ಮೇಲೆತ್ತಲು ಕೈ ಕೊಟ್ಟವನು ಮೈದುನನೇ. ಎತ್ತಿದ ಮೇಲೆ ನನ್ನ ಅಂಗಿಯ ಮಣ್ಣನ್ನೂ ಅವನೇ ಝಾಡಿಸಿದ. ಇದನ್ನು ನಾನು ಆಗ ಗಮನಿಸಲಿಲ್ಲ. ಆಮೇಲೆ, ಎಷ್ಟೋ ದಿನಗಳ ಮೇಲೆ, ಅದ್ಯಾಕೋ ನೆನಪಾಯಿತು.

ಬಾಜಾ ಇಲ್ಲದೆ, ಹತ್ತಿರದ ದಾರಿಯಿಂದ, ಕಂಬಳಿಯ ಜೋಲಿಯಲ್ಲಿ ಕೂತಂತೆಯೇ ಮುದುಕನನ್ನು ಒಯ್ದರು. ಸಾಹೇಬರು ಗಳ ಹಿಡಿದು ಮುಂದೆ ನಡೆದರು. ಊರ ಹೊರಗೆ ಎರೆಮಣ್ಣಿನ ಕೆಳಗೆ ಗಟ್ಟಿ ಮೊರಂ, ಕಲ್ಲು ಬೆರೆತ ಮಣ್ಣು, ಇತ್ತು. ಕೊಲ್ಲಲು ಬಂದಿದ್ದವರೇ ಸರದಿಯಂತೆ ಅಗೆದರು. ಸಾಕೇ ಎಂದು ಅವರು ಕೇಳಿದಾಗಲೆಲ್ಲ ಸಾಹೇಬರು ಗಳ ಇಳಿಸಿ, “ಇನ್ನ” ಎನ್ನುತ್ತಿದ್ದರು. ಜಂಗಮರಾದ ಅಯ್ಯನವರು ಬಂದು ತಮ್ಮ ಕೆಲಸ ಮಾಡಿದರು. ಆ ಹೊತ್ತು ಸಾಹೇಬರು ಬೆನ್ನು ತಿರುಗಿಸಿ ನಿಂತು ಆಕಾಶ ನೋಡಿದರು. ಗೂಡಿನಲ್ಲಿ ಮುದುಕ ಕುಳಿತ. ವಿಭೂತಿ, ಉಪ್ಪು, ಮಣ್ಣು ಬಿದ್ದವು. ಎಲ್ಲಕ್ಕೂ ಮೇಲೆ ಸಾಹೇಬರು ಒಂದು ಬುಟ್ಟಿ ಸುಣ್ಣ ಸುರಿಸಿದರು. ಹೊತ್ತು ಮುಳುಗುವ ಮೊದಲು ಮುಗಿಯಿತು. ಮುದುಕಿ, ಮೈದುನ, ಅವನ ಹೆಂಡತಿ ಸೀದಾ ಝೋಪಡಿಗೆ ನಡೆದರು. ಮರುದಿನ ಅವರ ಮಾಳಿಗೆ ತೆಗೆಸಿದೆವು.

ಅಂದಿನಿಂದ ನನಗೆ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಮಾಳಿಗೆಯ ಮೇಲೆ ಸಪ್ಪಳ. ಅದು ಇಲ್ಲದಾಗ ಕಂಕುಳು, ತೊಡೆಯ ಸಂದು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಗಡ್ಡೆ ಇಲ್ಲದಿದ್ದರೂ ಮುಟ್ಟಿ ಮುಟ್ಟಿ ನೋಯತೊಡಗಿತು. ನೋಯುತ್ತಿದೆಯೆಂದು ಮತ್ತೆ ಮುಟ್ಟುತ್ತಿದ್ದೆ. ಸಾಹೇಬರಿಗೆ ಹೇಳಿದೆ. “ಅವರು ನಮ್ಮನ್ನ ಕೊಲ್ತಿದ್ರು. ನೀವು ರಿಪೋರ್ಟನ್ಯಾಗ ಅದನ್ನ ಬರದೇ ಇಲ್ಲ.”

“ಕೊಲ್ತಿದ್ರು ಅಂತ ಹೆಂಗ ಬರೀಲಿ? ಕೊಂದಿಲ್ಲಲ್ರಿ” ಎಂದರು. ಒಂದು ಎಲೆ ಮಡಿಸಿ ನನಗೂ ಕೊಟ್ಟರು. ಅವರಿಗೆ ರಾತ್ರಿ ನಿದ್ದೆ ಬರುತ್ತಿತ್ತೇ ಎಂದು ಕೇಳಿದೆ. ಬರುತ್ತದೆ, ಆದರೆ ಗೊರಕೆ ಭಾಳ ಎಂದು ಹೆಂಡತಿ ಬೈಯುತ್ತಾಳೆ ಎಂದರು.

ಅವರು ಬರೆಯದಿದ್ದರೂ ಸುದ್ದಿ ಹುನಗುಂದದ ತಾಲೂಕು ಕಚೇರಿಗೆ ಮುಟ್ಟಿತು. ಚಿಲಕದ ಸುದ್ದಿಯಲ್ಲ, ಪ್ಲೇಗಿನ ಹೆಣವನ್ನು ಹುಕುಂ ಮೀರಿ ಕೂರಿಸಿ ಹೂಳಿದ ಸುದ್ದಿ. ಕೆಲವು ದಿನಗಳ ಮೇಲೆ ಮೇಲಧಿಕಾರಿಗಳಾದ ಪ್ರಾಂತ ಸಾಹೇಬರು ಕುದುರೆಯೇರಿ ಬಂದರು. ಹೊಸದಾಗಿ ವಿಲಾಯತಿಯಿಂದ ಬಂದ, ಇನ್ನೂ ಮೀಸೆ ದಪ್ಪವಾಗದ ಮನುಷ್ಯ. ಮೂಗಿಗೆ ಕರ್ಪೂರ ಹಾಕಿದ ಕರವಸ್ತ್ರ ಹಿಡಿದಿದ್ದರು. ಸಮಾಧಿಯನ್ನು ತೆಗೆಸಬೇಕು, ಹೆಣವನ್ನು ಮಲಗಿಸಬೇಕು, ಸುಣ್ಣ ಹಾಕಿ ಮತ್ತೆ ಮುಚ್ಚಬೇಕು ಎಂದು ಹುಕುಂ ಮಾಡಿದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ನಮ್ಮ ಸಾಹೇಬರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಡುವೆ ನಾನು.

ಗುದ್ದಲಿಯವರೊಡನೆ ನಾವು ಸ್ಮಶಾನಕ್ಕೆ ಹೋದಾಗ ಮುದುಕಿ ಆಗಲೇ ಅಲ್ಲಿದ್ದಳು. ಝೋಪಡಿ ಬಿಟ್ಟು ಬಂದು ಆ ಮಣ್ಣಿನ ಗುಡ್ಡೆಯ ಮೇಲೆ ಕುಳಿತಿದ್ದಳು. ದೂರದಲ್ಲಿ ಮೈದುನನೂ ಓಣಿಯವರೂ ನಿಂತಿದ್ದರು. ಅವರ ಕೈಯಲ್ಲಿ ಏನೂ ಇರಲಿಲ್ಲ. ಆದರೂ ನಾನು ಮಾಳಿಗೆಯ ಸಪ್ಪಳಕ್ಕಾಗಿ ಕಿವಿ ಇಟ್ಟೆ. ಬಯಲಿನಲ್ಲಿ ಮಾಳಿಗೆ ಇರಲಿಲ್ಲ.

“ಸಾಹೇಬಾ, ನೀ ಏನ ಹೇಳಿದ್ದಿ?” ಎಂದಳು ಅವಳು. ಅಷ್ಟೇ.

ನಮ್ಮ ಸಾಹೇಬರು ಪ್ರಾಂತ ಸಾಹೇಬರಿಗೆ ಸಲಾಮು ಮಾಡಿ, ಗುದ್ದಲಿಯವರನ್ನು ಸಾಲಾಗಿ ನಿಲ್ಲಿಸಿದರು. ಬಹಳ ವಿನಯದಿಂದ ನನಗೆ ಹೇಳಿದರು: “ಹುಜೂರಿಗೆ ಹೇಳ್ರಿ, ಎಲ್ಲಾ ತಯಾರ ಐತಿ. ಪ್ಲೇಗಿನ ಕುಣಿ ತಗದ ಮ್ಯಾಲ ಮದಲ ಹುಕುಂ ಕೊಟ್ಟ ಅಧಿಕಾರಿ ತಾವ ಒಳಗ ಇಳೀಬೇಕು. ಅರ್ಜಿದಾರನ ಮಾರಿ ಹತ್ರದಿಂದ ನೋಡಿ, ಇಂಥಾಂವನ ಅಂತ ಗುರ್ತ ಹಿಡೀಬೇಕು. ಕಾಯ್ದೆ ಹಂಗ ಐತಿ. ಹುಜೂರು ಕುದರಿ ಇಳದ್ರ ಶುರು ಮಾಡ್ತೇವಿ.”

ಆ ಕಾಯ್ದೆಗಳನ್ನು ನಾನು ಇಂಗ್ಲಿಷಿನಲ್ಲಿ ಓದಿದ್ದೆ. ಎಷ್ಟೋ ಸಲ ನಕಲು ಮಾಡಿದ್ದೆ. ಇಂಥ ಮಾತು ಅವುಗಳಲ್ಲಿ ಎಲ್ಲೂ ಇರಲಿಲ್ಲ. ಸಾಹೇಬರ ಮುಖ ನೋಡಿದೆ. ಅದು ಬಾದಾಮಿಯ ಬಂಡೆಯಂತಿತ್ತು. ನಾನು ಒಂದು ಮಾತನ್ನೂ ಬಿಡದೆ ಅನುವಾದಿಸಿದೆ. ‘ಹತ್ತಿರದಿಂದ’ ಎಂಬುದನ್ನು ಎರಡು ಸಲ ಹೇಳಿದೆ.

ಪ್ರಾಂತ ಸಾಹೇಬರು ಗುಡ್ಡೆಯನ್ನು ನೋಡಿದರು. ಹೂಳಿ ಎಷ್ಟು ದಿನವಾಯಿತೆಂದು ಕೇಳಿದರು. ನಾನು ಹೇಳಿದೆ. ಕುದುರೆ ತಾನಾಗಿಯೇ ಒಂದು ಹೆಜ್ಜೆ ಹಿಂದೆ ಸರಿಯಿತೋ, ಅವರು ಸರಿಸಿದರೋ ತಿಳಿಯದು. ಕಾಯ್ದೆಯ ಯಾವ ಕಲಂ ಎಂದು ಕೇಳಿದರು. ನಾನು ಅದನ್ನು ಅನುವಾದಿಸುವವನಂತೆ ನಮ್ಮ ಸಾಹೇಬರ ಕಡೆ ತಿರುಗಿದೆ. ಅವರು ಗಳವನ್ನು ನೆಲಕ್ಕೆ ಊರಿ ಏನೋ ಗೊಣಗಿದರು. ಅದು ನಮಾಜಿನ ಮಾತಿರಬೇಕು. ಬಹಳ ಹಳೆಯ ಕಲಂ, ಮರೆತವರೇ ಹೆಚ್ಚು ಎನ್ನುತ್ತಿದ್ದಾರೆ ಎಂದು ನಾನು ಹೇಳಿದೆ.

ಆಳ ಸರಿಯಾಗಿದೆಯೇ ಎಂದು ಪ್ರಾಂತ ಸಾಹೇಬರು ಕೊನೆಗೆ ಕೇಳಿದರು. ತಲೆಯ ಮೇಲೆ ಆರು ಫೂಟು, ನಾನೇ ನೋಡಿದ್ದೇನೆ ಎಂದೆ. ಅದು ಪೂರಾ ಖರೆ. ಹಾಗಾದರೆ ಇದೊಂದು ಸಲ ಇರಲಿ, ಈ ಇನ್‌ಸ್ಪೆಕ್ಟರನನ್ನು ಮಾತ್ರ ಈ ಕೆಲಸದಿಂದ ಬಿಡಿಸಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿ, ಕುದುರೆ ತಿರುಗಿಸಿ ಹೋದರು. ಕೊನೆಯ ಮಾತನ್ನು ಅನುವಾದಿಸಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಸಾಹೇಬರು ಕೇಳಿ ತಲೆಯಾಡಿಸಿದರು. ಮುಂದಿನ ತಿಂಗಳು ಅವರನ್ನು ಬಾಗಲಕೋಟೆಯ ಸುಂಕದ ನಾಕಾಕ್ಕೆ ಹಾಕಿದರು. ಅಲ್ಲಿ ಊರೊಳಗೆ ಬರುವ ಗಾಡಿಗಳ ಹುಣಸೆಹಣ್ಣು, ಬೆಲ್ಲ ನೋಡುತ್ತ ಅವರು ನೌಕರಿ ಮುಗಿಸಿದರು.

ಕುದುರೆ ಕಣ್ಮರೆಯಾದ ಮೇಲೆ ಮುದುಕಿ ಕೇಳಿದಳು, “ಕುಂತ ಅದಾರಿಲ್ಲೋ?”

“ಕುಂತಾರ. ನೀ ಏಳು” ಎಂದರು ಸಾಹೇಬರು. “ಝೋಪಡಿ ಬಿಟ್ಟ ಬರಬಾರ್ದಂತ ಗೊತ್ತಿಲ್ಲೇನ? ಹುಕುಂ ಮುರದಿ. ನಡಿ, ನಡಿ.”

ಅವಳು ಎದ್ದು ಸೀರೆಯ ಮಣ್ಣು ಝಾಡಿಸಿಕೊಂಡು ನಡೆದಳು.

ಬರುವಾಗ ದಾರಿಯಲ್ಲಿ ನಾನು ಕೇಳಿದೆ. “ಸಾಹೇಬರ, ಆ ಕಾಯ್ದೆ ಎಲ್ಲೈತ್ರಿ?”

ಅವರು ಗಳವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದರು. “ಇರಬೇಕಿತ್ತಲ್ರಿ” ಎಂದರು.

ಅಂದು ರಾತ್ರಿ ಉಂಡು ಮಲಗಿದ್ದು ನೆನಪಿದೆ. ಮುಂದಿನದು ನೆನಪಿಲ್ಲ. ಮತ್ತೆ ಕಣ್ಣು ತೆರೆದಾಗ ಬಿಸಿಲು ಹಾಸಿಗೆಯ ಮೇಲೆ ಬಂದಿತ್ತು. ಸಾಹೇಬರು ಹೊರಗಿನಿಂದ ಗಳದಲ್ಲಿ ಕದ ಬಡಿಯುತ್ತಿದ್ದರು. ಅವರ ಹಿಂದೆ ನಮ್ಮ ಓಣಿಯ ಅರ್ಧ ಜನ ನಿಂತಿದ್ದರು, ಒಬ್ಬಳು ಅಳಲಿಕ್ಕೂ ಶುರು ಮಾಡಿದ್ದಳು. ನಾನು ಕದ ತೆರೆದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಸತ್ತಿದ್ರ ಮದಲ ನನಗ ತಿಳಸಬೇಕು ರಾಯರ” ಎಂದರು. “ಕಾಯ್ದೆ ಐತಿ.”